ಗಾಳ ಹಾಕುವವರು ಏನು ಓದಬೇಕು?

ಪ್ರಶ್ನೆ: ರಜೆ ಸಿಕ್ಕಾಗಲೆಲ್ಲ ಗಾಳ ಹಿಡಿದು ಹೊಳೆ ಕಡೆ ಹೊರಡುವವನು ನಾನು. ಮೀನು, ನೀರು, ಕಾಡು, ಬೆಟ್ಟದ ಬಗ್ಗೆ ಒಳ್ಳೆಯದು ಏನಾದರೂ ಓದಬೇಕು ಅಂತ ಆಸೆ. ಆದರೆ ಕೈಗೆ ಸಿಗುವುದೆಲ್ಲ ಯಾವ ರಾಡು, ಯಾವ ರೀಲು ಅಂತ ಹೇಳುವ ಪುಸ್ತಕಗಳೇ. ನಿಮಗೆ ನಿಜವಾಗಿ ಇಷ್ಟವಾದವು ಯಾವುವು? ಇಂಗ್ಲಿಷ್ ಓದುತ್ತೇನೆ, ಸ್ವಲ್ಪ ನಿಧಾನ. ನನ್ನ ಹೆಂಡತಿಗೆ ಮೀನು ಹಿಡಿಯುವುದೇ ಇಷ್ಟ ಇಲ್ಲ, ಆದರೆ ನನಗಿಂತ ಜಾಸ್ತಿ ಓದುತ್ತಾಳೆ. ಹದಿನಾಲ್ಕು ವರ್ಷದ ಮಗನಿದ್ದಾನೆ. ಮೂವರಿಗೂ ಆಗುವಂಥದ್ದು ಇದ್ದರೆ ತಿಳಿಸಿ.

ಉತ್ತರ: ಒಂದು ಸಣ್ಣಕತೆಯಿಂದ ಶುರು ಮಾಡಿ. ಅರ್ನೆಸ್ಟ್ ಹೆಮಿಂಗ್ವೆ ಬರೆದ ‘ಬಿಗ್ ಟೂ-ಹಾರ್ಟೆಡ್ ರಿವರ್’. 1925ರ ‘ಇನ್ ಅವರ್ ಟೈಮ್’ ಸಂಕಲನದಲ್ಲಿದೆ. ನಿಕ್ ಎಂಬ ಯುವಕ ರೈಲು ಇಳಿಯುತ್ತಾನೆ. ಸುಟ್ಟುಹೋದ ಊರೊಂದನ್ನು ದಾಟಿ ನಡೆಯುತ್ತಾನೆ. ಡೇರೆ ಹಾಕಿ, ಬೇಯಿಸಿಕೊಂಡು ತಿಂದು ಮಲಗುತ್ತಾನೆ. ಮರುದಿನ ಹೊಳೆಗೆ ಇಳಿದು ಮೀನು ಹಿಡಿಯುತ್ತಾನೆ. ಕತೆ ಇಷ್ಟೇ. ಅವನ ಜೊತೆ ಮಾತಾಡಲು ಇನ್ನೊಬ್ಬ ಮನುಷ್ಯ ಬರುವುದೇ ಇಲ್ಲ.

ಆದರೆ ಅವನು ಮಿಡತೆ ಹಿಡಿಯುವ ಜಾಗ ಓದಿ ನೋಡಿ. ಬಿಸಿಲೇರುವ ಮೊದಲೇ ಎದ್ದು ಹುಲ್ಲಿಗೆ ಹೋಗುತ್ತಾನೆ. ಇಬ್ಬನಿಯಲ್ಲಿ ನೆನೆದ ಮಿಡತೆಗಳು ಚಳಿಗೆ ಮುದುಡಿ ಕೂತಿರುತ್ತವೆ, ಹಾರುವ ಶಕ್ತಿ ಇರುವುದಿಲ್ಲ. ಆರಿಸಿ ಆರಿಸಿ ಬಾಟಲಿಗೆ ತುಂಬಿಕೊಳ್ಳುತ್ತಾನೆ. ಬಿಸಿಲು ಬಿದ್ದು ಅವುಗಳ ಮೈ ಕಾದ ಮೇಲೆ ಒಂದು ಬಾಟಲಿ ತುಂಬಿಸಲು ಇಡೀ ದಿನ ಬೇಕಾಗುತ್ತದೆ ಅಂತ ಅವನಿಗೆ ಗೊತ್ತು. ಆಮೇಲೆ ಗಾಳಕ್ಕೆ ಸಣ್ಣ ಟ್ರೌಟ್ ಒಂದು ಬೀಳುತ್ತದೆ. ಅದನ್ನು ಬಿಡಬೇಕು. ಮುಟ್ಟುವ ಮೊದಲು ತನ್ನ ಕೈಯನ್ನು ನೀರಲ್ಲಿ ಅದ್ದಿಕೊಳ್ಳುತ್ತಾನೆ. ಒಣಗೈ ತಾಗಿದರೆ ಮೀನಿನ ಮೈಮೇಲಿನ ಲೋಳೆ ಕಿತ್ತುಹೋಗುತ್ತದೆ, ಆ ಜಾಗಕ್ಕೆ ಬಿಳಿ ಬೂಷ್ಟು ಹಿಡಿಯುತ್ತದೆ. ಹಿಂದೆ ಜನ ಮುತ್ತಿಕೊಂಡ ಹೊಳೆಗಳಲ್ಲಿ ಹೀಗೆ ಬೂಷ್ಟು ಹಿಡಿದು ಸತ್ತ ಟ್ರೌಟ್‌ಗಳನ್ನು ನೋಡಿದ್ದು ಅವನಿಗೆ ನೆನಪಾಗುತ್ತದೆ. ಕತೆ ಬಂದು ನೂರು ವರ್ಷ ಆಯಿತು. ಹಿಡಿದ ಮೀನನ್ನು ವಾಪಸ್ ಬಿಡುವವರಿಗೆ ಇವತ್ತೂ ಮೊದಲು ಹೇಳಿಕೊಡುವುದು ಇದನ್ನೇ: ಕೈ ಒದ್ದೆ ಮಾಡಿಕೊಳ್ಳಿ.

ಮೀನಿನ ಪುಸ್ತಕವೋ ಕಾಡಿನ ಪುಸ್ತಕವೋ ಕೈಗೆ ಬಂದರೆ ನಾನು ಮೊದಲು ಹುಡುಕುವುದು ಇಂಥ ಪುಟವನ್ನು. ಬರೆದವರು ತಮ್ಮ ಕೈಯಾರೆ ಏನೋ ಒಂದು ಕೆಲಸ ಮಾಡುವ ಪುಟ. ಎರೆ ಸಿಕ್ಕಿಸುವುದು, ಬೆಂಕಿ ಹೊತ್ತಿಸುವುದು, ಹೆಜ್ಜೆ ಗುರುತು ನೋಡುವುದು, ಏನಾದರೂ ಆಗಲಿ. ಆ ಪುಟ ನಿಜವಾಗಿದ್ದರೆ ಉಳಿದದ್ದನ್ನೂ ನಂಬುತ್ತೇನೆ. ಸೂರ್ಯೋದಯ ಚೆನ್ನಾಗಿತ್ತು, ಮನಸ್ಸಿಗೆ ನೆಮ್ಮದಿ ಸಿಕ್ಕಿತು ಅಂತ ಬರೆಯಲು ಮನೆ ಬಿಟ್ಟು ಹೊರಡಬೇಕಾಗಿಲ್ಲ. ಮಿಡತೆ ಯಾವ ಹೊತ್ತಿಗೆ ಸುಲಭವಾಗಿ ಸಿಗುತ್ತದೆ ಅಂತ ಬರೆಯಲು ಒದ್ದೆ ಹುಲ್ಲಲ್ಲಿ ಮೊಣಕಾಲೂರಿರಬೇಕು. ಮುಂದೆ ನಾನು ಹೇಳುವ ಪುಸ್ತಕಗಳಲ್ಲಿ ಹೆಚ್ಚಿನವು ಈ ಪರೀಕ್ಷೆ ಪಾಸಾದವು.

ಇನ್ನೊಂದು ಮಾತು ಇದೆ. ನಿಕ್ ಯುದ್ಧದಿಂದ ಮರಳಿದವನು. ಕತೆಯಲ್ಲಿ ಯುದ್ಧದ ಪ್ರಸ್ತಾಪವೇ ಇಲ್ಲ. ಮನಸ್ಸು ಕದಡಿದ ಮನುಷ್ಯ ಒಂದೊಂದೇ ಸಣ್ಣ ಕೆಲಸವನ್ನು ಸರಿಯಾಗಿ ಮಾಡುತ್ತ ತನ್ನನ್ನು ತಾನು ಹಿಡಿದಿಟ್ಟುಕೊಳ್ಳುತ್ತಿದ್ದಾನೆ ಅಂತ ಎರಡನೇ ಸಲ ಓದುವಾಗ ತಿಳಿಯುತ್ತದೆ. ವಾಕ್ಯಗಳು ಪುಟ್ಟವು. ನಿಧಾನ ಓದುವವರಿಗೂ ಕಷ್ಟವಾಗದ ಇಂಗ್ಲಿಷ್.

ಇದಾದ ಮೇಲೆ ಅದೇ ಲೇಖಕರ ‘ದಿ ಓಲ್ಡ್ ಮ್ಯಾನ್ ಅಂಡ್ ದಿ ಸೀ’ (1952). ಇದರ ಹೆಸರು ನೀವು ಕೇಳಿರುತ್ತೀರಿ, ಕನ್ನಡ ಅನುವಾದಗಳೂ ಇವೆ. 84 ದಿನ ಒಂದು ಮೀನೂ ಸಿಗದ ಮುದುಕ ಸ್ಯಾಂಟಿಯಾಗೊ ಒಬ್ಬನೇ ದೂರದ ಕಡಲಿಗೆ ಹೋಗಿ ತನ್ನ ದೋಣಿಗಿಂತ ಎರಡು ಅಡಿ ಉದ್ದದ ಮಾರ್ಲಿನ್ ಹಿಡಿಯುವ ಕತೆ. ಶಾಲೆ ಕಾಲೇಜಿನಲ್ಲಿ ಇದನ್ನು ಸೋಲು, ಗೆಲುವು, ಛಲ ಅಂತ ಪಾಠ ಮಾಡುತ್ತಾರೆ. ಗಾಳ ಹಾಕುವ ನೀವು ಬೇರೆ ರೀತಿ ಓದಬಹುದು. ಮುದುಕ ನಾಲ್ಕು ದಾರ ಬಿಡುತ್ತಾನೆ. ಒಂದು 40 ಫ್ಯಾದಮ್ ಆಳಕ್ಕೆ, ಇನ್ನೊಂದು 75ಕ್ಕೆ, ಉಳಿದೆರಡು 100 ಮತ್ತು 125ಕ್ಕೆ. ಒಂದು ಫ್ಯಾದಮ್ ಅಂದರೆ ಆರು ಅಡಿ. ಅಂದರೆ ಕೊನೆಯ ದಾರ 750 ಅಡಿ ಕೆಳಗಿದೆ! ಬೇರೆಯವರ ದಾರ ಪ್ರವಾಹದ ಜೊತೆ ತೇಲಿಹೋಗುತ್ತದೆ, ಎಷ್ಟು ಆಳದಲ್ಲಿದೆ ಅಂತ ಅವರಿಗೇ ಗೊತ್ತಿರುವುದಿಲ್ಲ. ಇವನು ಮಾತ್ರ ನೆಟ್ಟಗೆ ಇಳಿಬಿಟ್ಟಿರುತ್ತಾನೆ. ಕೊಕ್ಕೆಯ ಒಂದು ಚೂರೂ ಕಾಣದ ಹಾಗೆ ಎರೆ ಮುಚ್ಚಿರುತ್ತಾನೆ. 84 ದಿನ ಬರಿಗೈಲಿ ಬಂದವನು ಕೆಲಸದಲ್ಲಿ ಒಂದಿಷ್ಟೂ ಸಡಿಲ ಬಿಟ್ಟಿಲ್ಲ ಅಂತ ನನಗೆ ಗೊತ್ತಾದದ್ದು ಈ ಪುಟದಿಂದ. ಮುಂದೆ ಅವನ ಮೇಲೆ ಹುಟ್ಟುವ ಗೌರವಕ್ಕೆಲ್ಲ ಬುನಾದಿ ಇಲ್ಲೇ ಇದೆ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ನಾರ್ಮನ್ ಮೆಕ್ಲೀನ್ ಬರೆದ ‘ಎ ರಿವರ್ ರನ್ಸ್ ಥ್ರೂ ಇಟ್’ (1976). ಅಮೆರಿಕದ ಮೊಂಟಾನದ ಬ್ಲ್ಯಾಕ್‌ಫುಟ್ ನದಿ. ಅಪ್ಪ ಪಾದ್ರಿ. ಇಬ್ಬರು ಗಂಡುಮಕ್ಕಳು. ಅಪ್ಪ ಮಕ್ಕಳಿಗೆ ಧರ್ಮವನ್ನೂ ಫ್ಲೈ ಫಿಶಿಂಗನ್ನೂ ಒಂದೇ ಶ್ರದ್ಧೆಯಿಂದ ಕಲಿಸುತ್ತಾನೆ. ಗರಿ, ರೋಮ, ದಾರ ಸುತ್ತಿ ಹುಳದ ಹಾಗೆ ಕಟ್ಟಿದ ಕೊಕ್ಕೆಗೆ ಫ್ಲೈ ಅನ್ನುತ್ತಾರೆ. ಅದಕ್ಕೆ ತೂಕವೇ ಇರುವುದಿಲ್ಲ. ನಮ್ಮ ಗಾಳದ ಹಾಗೆ ಭಾರ ಕಟ್ಟಿ ಬೀಸಿದರೆ ಆಗದು. ದಾರದ ತೂಕದಿಂದಲೇ ಅದನ್ನು ದೂರಕ್ಕೆ ಕಳಿಸಬೇಕು. ಅದಕ್ಕೆ ಕೈಗೆ ಒಂದು ಲಯ ಬೇಕು. ಅಪ್ಪ ಸಂಗೀತದವರ ಮೆಟ್ರೊನೋಮ್ ಇಟ್ಟು ನಾಲ್ಕೆಣಿಕೆಯ ತಾಳದಲ್ಲಿ ಕಲಿಸುತ್ತಾನೆ. ರಾಡು ಗಡಿಯಾರದ ಹತ್ತರಿಂದ ಎರಡರವರೆಗೆ ಮಾತ್ರ ಆಡಬೇಕು, ಅದರಾಚೆ ಹೋಗಬಾರದು. ಈ ಪಾಠ ಓದಿದರೆ ನೀವು ಪುಸ್ತಕ ಕೆಳಗಿಟ್ಟು ಸುಮ್ನೆ ಕೈ ಆಡಿಸಿ ನೋಡುತ್ತೀರಿ.

ಆದರೆ ಪುಸ್ತಕದ ನೋವು ಬೇರೆ ಕಡೆ ಇದೆ. ತಮ್ಮ ಪಾಲ್ ನದಿಯಲ್ಲಿ ನಿಂತರೆ ಅವನಷ್ಟು ಚೆನ್ನಾಗಿ ಮೀನು ಹಿಡಿಯುವವರು ಇನ್ನೊಬ್ಬರಿಲ್ಲ. ದಡಕ್ಕೆ ಬಂದರೆ ಕುಡಿತ, ಜೂಜು, ಜಗಳ. ಅಣ್ಣ ಅವನಿಗೆ ಸಹಾಯ ಮಾಡಬೇಕು. ಹೇಗೆ ಅಂತ ಗೊತ್ತಾಗುವುದಿಲ್ಲ. ಹತ್ತಿರದವರನ್ನು ಪ್ರೀತಿಸುವುದು ಸಾಧ್ಯ, ಅರ್ಥ ಮಾಡಿಕೊಳ್ಳುವುದು ಸಾಧ್ಯವಾಗದೆ ಇರಬಹುದು ಅನ್ನುವುದನ್ನು ಇಷ್ಟು ನೇರವಾಗಿ ಬರೆದವರನ್ನು ನಾನು ಕಡಿಮೆ ಓದಿದ್ದೇನೆ. ಇದು ಪ್ರಕಟವಾದಾಗ ಲೇಖಕರ ವಯಸ್ಸು 70 ದಾಟಿತ್ತು. ಅದಕ್ಕೂ ಮೊದಲು ಪ್ರಕಾಶಕರೊಬ್ಬರು ‘ಈ ಕತೆಗಳಲ್ಲಿ ಮರಗಳಿವೆ’ ಎಂಬ ಕಾರಣ ಕೊಟ್ಟು ಹಿಂದಿರುಗಿಸಿದ್ದರು. ಕೊನೆಗೆ ಅವರು ಪಾಠ ಮಾಡುತ್ತಿದ್ದ ಶಿಕಾಗೊ ವಿಶ್ವವಿದ್ಯಾಲಯದ ಮುದ್ರಣಾಲಯವೇ ಇದನ್ನು ತಂದಿತು. ಅಲ್ಲಿಯವರೆಗೆ ಅದು ಹೊಸ ಕಥೆ, ಕಾದಂಬರಿಗಳನ್ನು ಪ್ರಕಟಿಸಿರಲೇ ಇಲ್ಲ. 1992ರಲ್ಲಿ ಸಿನಿಮಾ ಬಂತು. ಸಿನಿಮಾ ಚೆನ್ನಾಗಿದೆ, ಆದರೆ ಪುಸ್ತಕ ಮೊದಲು ಓದಿ.

ಯಾವ ಪಟ್ಟಿ ನೋಡಿದರೂ ಐಸಾಕ್ ವಾಲ್ಟನ್ನರ ‘ದಿ ಕಂಪ್ಲೀಟ್ ಆಂಗ್ಲರ್’ (1653) ಮೊದಲಿಗೇ ಇರುತ್ತದೆ. ಇಂಗ್ಲೆಂಡಿನ ಅಂತರ್ಯುದ್ಧ ಮುಗಿದ ಹೊಸತರಲ್ಲಿ ಬಂದ ಪುಸ್ತಕ. ಮೀನು ಹಿಡಿಯುವವನೊಬ್ಬ, ಬೇಟೆಗಾರನೊಬ್ಬ ದಾರಿಯಲ್ಲಿ ಸಿಕ್ಕಿ ಮಾತಾಡುತ್ತ ಹೋಗುತ್ತಾರೆ. ಹಾಡು, ಮಳೆ, ಮೀನು, ಊಟ ಎಲ್ಲ ನಡುವೆ ಬರುತ್ತವೆ. ನನ್ನ ಅಭಿಪ್ರಾಯ ಕೇಳಿದರೆ ಇದನ್ನು ಮೊದಲಿಂದ ಕೊನೆವರೆಗೆ ಓದಲು ಹೋಗಬೇಡಿ. ಹಳೆಯ ಇಂಗ್ಲಿಷ್, ದಣಿಯುತ್ತೀರಿ. ಮೊದಲ ಎರಡು ಮೂರು ಅಧ್ಯಾಯ, ಆಮೇಲೆ 1676ರ ಆವೃತ್ತಿಗೆ ಚಾರ್ಲ್ಸ್ ಕಾಟನ್ ಸೇರಿಸಿದ ಫ್ಲೈ ಫಿಶಿಂಗ್ ಭಾಗ, ಅಷ್ಟು ಸಾಕು. ಇದರಲ್ಲಿ ಒಂದು ಜಾಗ ನನಗೆ ಇಂದಿಗೂ ಓದಲು ಕಷ್ಟ. ಜೀವಂತ ಕಪ್ಪೆಯನ್ನು ಕೊಕ್ಕೆಗೆ ಸಿಕ್ಕಿಸುವುದು ಹೇಗೆ ಅಂತ ವಿವರಿಸಿ, ಅದನ್ನು ಪ್ರೀತಿಸುವವರ ಹಾಗೆ ಮೆತ್ತಗೆ ಸಿಕ್ಕಿಸಿ, ಆಗ ಹೆಚ್ಚು ಹೊತ್ತು ಬದುಕಿರುತ್ತದೆ ಅನ್ನುತ್ತಾರೆ. ಕವಿ ಬೈರನ್ ವಾಲ್ಟನ್ನರನ್ನು ಕ್ರೂರಿ ಅಂತ ಬೈದದ್ದು ಸುಮ್ಮನೆ ಅಲ್ಲ. ನಿಮ್ಮ ಮನೆಯವರ ಆಕ್ಷೇಪಕ್ಕೆ ಎಷ್ಟು ಹಳೆಯ ಬೇರಿದೆ ನೋಡಿ.

ವಾಲ್ಟನ್ನರಿಗಿಂತ 500 ವರ್ಷ ಮೊದಲೇ ನಮ್ಮ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಗಾಳದ ಬಗ್ಗೆ ಬರೆದಿದ್ದಾನೆ. ಅವನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ 12ನೇ ಶತಮಾನದ್ದು. ತಲಾ 20 ಅಧ್ಯಾಯಗಳ ಐದು ಭಾಗ. ಅಡುಗೆ, ಆನೆ, ಸಂಗೀತ, ಔಷಧ ಎಲ್ಲದರ ನಡುವೆ ‘ಮತ್ಸ್ಯವಿನೋದ’ ಅಂತ ಒಂದು ಅಧ್ಯಾಯವಿದೆ. ಕಡಲಿನ ಮೀನು, ಹೊಳೆಯ ಮೀನು ಅಂತ ವಿಂಗಡಣೆ, ಯಾವ ಮೀನಿಗೆ ಯಾವ ಮೇವು, ಕೋಲು ಹೇಗಿರಬೇಕು, ದಾರ ಹೇಗಿರಬೇಕು, ಎಲ್ಲವೂ ಇದೆ. ರಾಜನೊಬ್ಬ ಇಷ್ಟು ವಿವರಕ್ಕೆ ಇಳಿಯಬೇಕಾದರೆ ಅವನಿಗೆ ನಿಜವಾದ ಹುಚ್ಚಿತ್ತು ಅಂತಲೇ ಅರ್ಥ. ಗ್ರಂಥಾಲಯದಲ್ಲಿ ಅನುವಾದವೇನಾದರೂ ಸಿಕ್ಕರೆ ಈ ಅಧ್ಯಾಯವನ್ನು ಬಿಡಬೇಡಿ.

ಇನ್ನು ಮುಂದಿನ ಮೂರು ಕಾದಂಬರಿಗಳನ್ನು ಒತ್ತಿ ಹೇಳುತ್ತೇನೆ. ಹವ್ಯಾಸಕ್ಕೆ ಗಾಳ ಹಾಕುವವರು ಬರೆದ ಪುಸ್ತಕಗಳನ್ನಷ್ಟೇ ಓದಿದರೆ ಮೀನು ಅಂದರೆ ವಿರಾಮ ಅನ್ನಿಸಿಬಿಡುತ್ತದೆ. ಮೀನು ಸಿಗದ ದಿನ ನೀವು, ನಾನು ಮನೆಗೆ ಬಂದು ಬೇರೆ ಏನೋ ಉಣ್ಣುತ್ತೇವೆ. ಅದು ಸಿಗದೆ ಹೋದರೆ ಒಲೆ ಹೊತ್ತದ ಮನೆಗಳೂ ಇವೆ, ಅಲ್ವಾ? ಹಾಗಾಗಿ ಮೀನುಗಾರರ ಕಾದಂಬರಿಗಳನ್ನು ಓದಲೇಬೇಕು.

ಮೊದಲನೆಯದು ಮಾಣಿಕ್ ಬಂದೋಪಾಧ್ಯಾಯರ ಬಂಗಾಳಿ ಕಾದಂಬರಿ ‘ಪದ್ಮಾ ನದೀರ್ ಮಾಝಿ’ (1936). ಮಳೆಗಾಲ, ಹಿಲ್ಸಾ ಮೀನಿನ ಸುಗ್ಗಿ. ರಾತ್ರಿ ನದಿಯ ತುಂಬ ದೋಣಿಗಳ ದೀಪಗಳು ಓಡಾಡುತ್ತಿರುತ್ತವೆ. ನೋಡಲು ಸೊಗಸು. ಆದರೆ ದೋಣಿಯೊಳಗೆ ಕೂತ ಕುಬೇರನಿಗೆ ಹೆಸರಲ್ಲಿ ಮಾತ್ರ ಸಂಪತ್ತು. ದೋಣಿ ಬೇರೆಯವನದು, ಬಲೆಯೂ ಬೇರೆಯವನದು. ರಾತ್ರಿಯೆಲ್ಲ ನೆನೆದು ಬಲೆ ಎಳೆದವನ ಪಾಲಿಗೆ ಬರುವುದು ಸಣ್ಣ ಭಾಗ, ದೊಡ್ಡ ಪಾಲು ದೋಣಿಯ ಒಡೆಯನಿಗೆ. ಹಿಡಿದ ಮೀನು ಹೇಗೆ ಹಂಚಿಕೆಯಾಗುತ್ತದೆ ಅನ್ನುವುದನ್ನು ಇಷ್ಟು ಹತ್ತಿರದಿಂದ ತೋರಿಸುವ ಪುಸ್ತಕ ಇನ್ನೊಂದಿಲ್ಲ.

ಎರಡನೆಯದು ‘ತಿತಾಶ್ ಏಕ್‌ಟಿ ನದೀರ್ ನಾಮ್’. ಬರೆದ ಅದ್ವೈತ ಮಲ್ಲಬರ್ಮನ್ ಸ್ವತಃ ಮೀನುಗಾರರ ಮಾಲೊ ಸಮುದಾಯದಲ್ಲಿ ಹುಟ್ಟಿದವರು. ಹಸ್ತಪ್ರತಿ ಒಮ್ಮೆ ಕಳೆದುಹೋಯಿತು. ಮತ್ತೆ ಕೂತು ಬರೆದರು. 1951ರಲ್ಲಿ ಕ್ಷಯದಿಂದ ತೀರಿಕೊಂಡರು. ಪುಸ್ತಕ ಹೊರಬಂದದ್ದು 1956ರಲ್ಲಿ. ತಿತಾಶ್ ನದಿ ಇರುವುದು ಈಗಿನ ಬಾಂಗ್ಲಾದೇಶದಲ್ಲಿ. ಕಾದಂಬರಿಯಲ್ಲಿ ಆ ನದಿಗೆ ನಿಧಾನವಾಗಿ ಹೂಳು ತುಂಬುತ್ತದೆ. ನೀರಿನ ನಡುವೆ ದಿಬ್ಬ ಏಳುತ್ತದೆ. ದಿಬ್ಬವನ್ನು ಉಳುವವರು ಬಂದು ಹಿಡಿಯುತ್ತಾರೆ. ಬಲೆ ಹಾಕುತ್ತಿದ್ದವರಿಗೆ ಜಾಗವೇ ಇಲ್ಲದ ಹಾಗೆ ಆಗುತ್ತದೆ. ಹಾಡು, ಹಬ್ಬ, ಮಾತು, ಊರು ಎಲ್ಲವೂ ಒಂದೊಂದಾಗಿ ಕರಗುತ್ತವೆ. ಒಂದು ನದಿ ಸತ್ತರೆ ಅದರ ಜೊತೆ ಏನೇನು ಸಾಯುತ್ತದೆ ಅಂತ ತಿಳಿಯಲು ಯಾವ ವರದಿಗಿಂತಲೂ ಈ ಕಾದಂಬರಿ ಮೇಲು. ಕಲ್ಪನಾ ಬರ್ಧನ್ ಮಾಡಿದ ಇಂಗ್ಲಿಷ್ ಅನುವಾದವಿದೆ, ‘ಎ ರಿವರ್ ಕಾಲ್ಡ್ ತಿತಾಶ್’. ಋತ್ವಿಕ್ ಘಟಕ್ 1973ರಲ್ಲಿ ಸಿನಿಮಾ ಮಾಡಿದರು.

ಮೂರನೆಯದು ತಕಳಿ ಶಿವಶಂಕರ ಪಿಳ್ಳೆಯವರ ‘ಚೆಮ್ಮೀನ್’ (1956). ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಮಲಯಾಳಂ ಕಾದಂಬರಿ. ಎಲ್ಲರೂ ಕರುತ್ತಮ್ಮ ಮತ್ತು ಪರೀಕುಟ್ಟಿಯ ಪ್ರೇಮಕತೆ ಅಂತ ಓದುತ್ತಾರೆ. ನನಗೆ ಅದರಲ್ಲಿ ಅಷ್ಟೇ ಕಾಡುವುದು ಅವಳ ಅಪ್ಪ ಚೆಂಬನ್‌ಕುಂಞು. ಸ್ವಂತ ದೋಣಿ, ಸ್ವಂತ ಬಲೆ ಬೇಕು ಅನ್ನುವ ಒಂದೇ ಆಸೆಗೆ ಮನುಷ್ಯ ಏನೆಲ್ಲ ಆಗಿಬಿಡುತ್ತಾನೆ! ಪರೀಕುಟ್ಟಿಯ ದುಡ್ಡಿನಿಂದಲೇ ದೋಣಿ ಬರುತ್ತದೆ, ಆ ಸಾಲ ಮಾತ್ರ ತೀರುವುದಿಲ್ಲ. ನಿಮ್ಮ ಮನೆಯವರು ಮೂರರಲ್ಲಿ ಒಂದನ್ನು ಓದುವುದಾದರೆ ಇದನ್ನು ಕೊಡಿ. ಬೇಗ ಓದಿಸಿಕೊಂಡು ಹೋಗುತ್ತದೆ.

ಅವರಿಗಾಗಿ ಇನ್ನೂ ಎರಡಿವೆ. ಇವುಗಳಲ್ಲಿ ಮೀನು ಹಿಡಿಯುವವರಿಗಿಂತ ಮೀನೇ ಮುಖ್ಯ. ರೇಚಲ್ ಕಾರ್ಸನ್ ಅಂದರೆ ಎಲ್ಲರಿಗೂ ‘ಸೈಲೆಂಟ್ ಸ್ಪ್ರಿಂಗ್’ (1962) ನೆನಪಾಗುತ್ತದೆ. ಅವರ ಮೊದಲ ಪುಸ್ತಕ ‘ಅಂಡರ್ ದಿ ಸೀ-ವಿಂಡ್’ ಬಂದದ್ದು 1941ರ ನವೆಂಬರ್‌ನಲ್ಲಿ. ಮರು ತಿಂಗಳೇ ಅಮೆರಿಕ ಯುದ್ಧಕ್ಕಿಳಿಯಿತು. ಪುಸ್ತಕವನ್ನು ಕೇಳುವವರಿರಲಿಲ್ಲ. ಮುಂದೆ 1952ರಲ್ಲಿ ಮರುಮುದ್ರಣವಾದಾಗ ಜನ ಮುಗಿಬಿದ್ದು ಓದಿದರು. ಅದರಲ್ಲಿ ಮೂರು ಭಾಗ. ಒಂದರಲ್ಲಿ ಕಡಲ ದಂಡೆಯ ಹಕ್ಕಿಗಳು. ಇನ್ನೊಂದರಲ್ಲಿ ಬಂಗುಡೆ ಜಾತಿಯ ಒಂದು ಮೀನು, ಮೊಟ್ಟೆಯಿಂದ ಹಿಡಿದು. ಮೂರನೆಯದರಲ್ಲಿ ಕೆರೆಯಂಥ ಪುಟ್ಟ ನೀರಲ್ಲಿ ವರ್ಷಗಟ್ಟಲೆ ಬದುಕಿದ ಹಾವುಮೀನು ಒಂದು ಶರತ್ಕಾಲದಲ್ಲಿ ಕಡಲಿಗೆ ಹೊರಡುತ್ತದೆ. ಮೀನುಗಳಿಗೆ ಮನುಷ್ಯರ ಮಾತು ಕೊಡದೆ, ಮನುಷ್ಯರ ಭಾವನೆ ಅಂಟಿಸದೆ, ಅವುಗಳ ಬದುಕನ್ನು ಕಾದಂಬರಿಯಷ್ಟು ಆಸಕ್ತಿಯಿಂದ ಓದಿಸುತ್ತಾರೆ. ಬಲೆ ಬೀಳುವುದನ್ನು ನೀರಿನ ಒಳಗಿಂದ ನೋಡಿದರೆ ಹೇಗಿರುತ್ತದೆ ಅಂತ ಗೊತ್ತಾಗುವುದು ಇಲ್ಲಿ. ಗಾಳ ಹಾಕುವ ನೀವೂ ಓದಬೇಕಾದ ಪುಟಗಳು.

ಇನ್ನೊಂದು, ಸ್ವೀಡನ್ನಿನ ಪ್ಯಾಟ್ರಿಕ್ ಸ್ವೆನ್ಸನ್ 2019ರಲ್ಲಿ ಬರೆದ ಹಾವುಮೀನಿನ ಪುಸ್ತಕ. ಇಂಗ್ಲಿಷಿನಲ್ಲಿ ‘ದಿ ಬುಕ್ ಆಫ್ ಈಲ್ಸ್’. ಒಂದು ಅಧ್ಯಾಯ ಅಪ್ಪ ಮಗ ತೊರೆಯ ದಡದಲ್ಲಿ ಹಾವುಮೀನು ಹಿಡಿಯುವುದು, ಮುಂದಿನದು ಆ ಮೀನಿನ ವಿಜ್ಞಾನ, ಹೀಗೆ ಹೆಣೆದುಕೊಂಡು ಹೋಗುತ್ತದೆ. ವಿಜ್ಞಾನದ ಭಾಗವೇ ಪತ್ತೇದಾರಿ ಕತೆ. ಹಾವುಮೀನಿನ ಹೊಟ್ಟೆಯಲ್ಲಿ ಮೊಟ್ಟೆಯೂ ಕಾಣುವುದಿಲ್ಲ, ಮರಿಯೂ ಕಾಣುವುದಿಲ್ಲ. ಅದು ಕೆಸರಿನಿಂದಲೇ ಹುಟ್ಟುತ್ತದೆ ಅಂತ ಅರಿಸ್ಟಾಟಲ್ ನಂಬಿದ್ದ. 1876ರಲ್ಲಿ ಇಪ್ಪತ್ತರ ಹರೆಯದ ವಿದ್ಯಾರ್ಥಿ ಸಿಗ್ಮಂಡ್ ಫ್ರಾಯ್ಡ್, ಮುಂದೆ ಮನಸ್ಸಿನ ಶಾಸ್ತ್ರಕ್ಕೆ ಹೆಸರಾದವರು, ಟ್ರಿಯೆಸ್ಟ್ ಬಂದರಿನಲ್ಲಿ ಕೂತು ಸುಮಾರು 400 ಹಾವುಮೀನುಗಳನ್ನು ಸೀಳಿದರು. ಗಂಡಿನ ಜನನಾಂಗ ಹುಡುಕುವುದು ಅವರ ಕೆಲಸ. ಖಚಿತವಾದ ಉತ್ತರ ಸಿಗಲಿಲ್ಲ. ಆಮೇಲೆ ಡೆನ್ಮಾರ್ಕಿನ ಯೊಹಾನೆಸ್ ಶ್ಮಿಟ್ 1904ರಿಂದ ಶುರು ಮಾಡಿ ಎರಡು ದಶಕದ ಹತ್ತಿರ ಅಟ್ಲಾಂಟಿಕ್ ಜಾಲಾಡಿದರು. ಸಿಗುವ ಮರಿಗಳು ಎಲ್ಲಿ ಅತಿ ಚಿಕ್ಕವಾಗುತ್ತವೋ ಅಲ್ಲೇ ಹುಟ್ಟೂರು ಅನ್ನುವುದು ಅವರ ಲೆಕ್ಕ. ಆ ಲೆಕ್ಕ ಅವರನ್ನು ಸರ್ಗಾಸೊ ಸಮುದ್ರಕ್ಕೆ ಕರೆದೊಯ್ದಿತು. ಅಷ್ಟಾದರೂ, ಅಲ್ಲಿ ಹಾವುಮೀನು ಮೊಟ್ಟೆಯಿಡುವುದನ್ನು ಇಂದಿಗೂ ಯಾರೂ ಕಣ್ಣಾರೆ ನೋಡಿಲ್ಲ.

ಅಪ್ಪನ ಅಧ್ಯಾಯಗಳಲ್ಲಿ ಗದ್ದಲ ಇಲ್ಲ. ಅಪ್ಪ ರಸ್ತೆಗೆ ಡಾಂಬರು ಹಾಕುವ ಕೆಲಸದವನು. ಮಾತು ಕಡಿಮೆ. ಮೀನು ಹಿಡಿಯುವ ಹೊತ್ತಲ್ಲಿ ಮಾತ್ರ ಅಪ್ಪ ಮಗ ಒಟ್ಟಿಗೆ ಇರುತ್ತಾರೆ. ಕೊಕ್ಕೆಯೇ ಇಲ್ಲದೆ, ಎರೆಹುಳಗಳನ್ನು ದಾರಕ್ಕೆ ಪೋಣಿಸಿ ಉಂಡೆ ಮಾಡಿ ಇಳಿಬಿಟ್ಟು ಹಾವುಮೀನು ಹಿಡಿಯುವ ಹಳೆಯ ವಿಧಾನವೂ ಬರುತ್ತದೆ. ನೀವು, ನಿಮ್ಮ ಮನೆಯವರು, ಮಗ ಮೂವರೂ ಓದಬಹುದಾದ ಒಂದೇ ಪುಸ್ತಕ ಹೇಳಿ ಅಂದರೆ ಇದನ್ನೇ ಹೇಳುತ್ತೇನೆ. ಇಂಗ್ಲಿಷೂ ಸರಳ.

ಇತಿಹಾಸ ಇಷ್ಟವಾದರೆ ಮಾರ್ಕ್ ಕರ್ಲಾನ್ಸ್ಕಿಯ ‘ಕಾಡ್’ (1997) ಸೇರಿಸಿಕೊಳ್ಳಿ. ಕಾಡ್ ಎಂಬ ಒಂದೇ ಮೀನಿನ ಹಿಂದೆ ಹಡಗುಗಳು, ವ್ಯಾಪಾರ, ಯುದ್ಧಗಳು ಹೇಗೆ ಓಡಿದವು ಅನ್ನುವ ಕತೆ. ಎಷ್ಟು ಹಿಡಿದರೂ ಮುಗಿಯದು ಅಂತ ನಂಬಿದ್ದ ಮೀನು ಮುಗಿಯುತ್ತ ಬಂದು, 1992ರಲ್ಲಿ ಕೆನಡಾ ನ್ಯೂಫೌಂಡ್‌ಲ್ಯಾಂಡ್ ಕಡಲಲ್ಲಿ ಅದನ್ನು ಹಿಡಿಯುವುದನ್ನೇ ನಿಲ್ಲಿಸಬೇಕಾಯಿತು.

ಈಗ ಮೀನು ಬಿಟ್ಟು ಬೆಟ್ಟ, ಕಾಡಿನ ಕಡೆ ಬರೋಣ. ಹೆನ್ರಿ ಡೇವಿಡ್ ಥೋರೊನ ‘ವಾಲ್ಡನ್’ (1854) ಓದಲು ಹೋಗಿ ಅರ್ಧಕ್ಕೆ ಬಿಟ್ಟವರು ಬಹಳ. ಕಾರಣ ಮೊದಲ ಅಧ್ಯಾಯ. ಅದು ತೀರಾ ಉದ್ದ, ಉಪದೇಶವೂ ಜಾಸ್ತಿ. ನೀವು ‘ದಿ ಪಾಂಡ್ಸ್’ ಎಂಬ ಅಧ್ಯಾಯದಿಂದ ಶುರು ಮಾಡಿ. ಆಮೇಲೆ ಚಳಿಗಾಲದ ಕೊಳದ ಅಧ್ಯಾಯ. ವಾಲ್ಡನ್ ಕೊಳಕ್ಕೆ ತಳವೇ ಇಲ್ಲ ಅಂತ ಜನ ತಲೆಮಾರುಗಳಿಂದ ಹೇಳುತ್ತಿದ್ದರು, ಒಬ್ಬರೂ ಅಳೆದು ನೋಡಿರಲಿಲ್ಲ. ಥೋರೊ 1846ರ ಆರಂಭದಲ್ಲಿ, ಹೆಪ್ಪುಗಟ್ಟಿದ ನೀರು ಒಡೆಯುವ ಮೊದಲು, ಮೀನಿನ ದಾರಕ್ಕೆ ಒಂದೂವರೆ ಪೌಂಡಿನ ಕಲ್ಲು ಕಟ್ಟಿ ಇಳಿಬಿಟ್ಟ. ಕಲ್ಲು ತಳ ಬಿಟ್ಟೇಳುವಾಗ ಕೈಗೆ ಗೊತ್ತಾಗುತ್ತದೆ. ಕಲ್ಲಿನ ಕೆಳಗೆ ನೀರು ನುಗ್ಗುವವರೆಗೆ ಜಾಸ್ತಿ ಬಲ ಹಾಕಿ ಎಳೆಯಬೇಕು. ಅತಿ ಆಳವಾದ ಜಾಗ 102 ಅಡಿ ಬಂತು. ನನ್ನ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಪುಟ ಸಿಗಲಾರದು.

ಇದೇ ಪುಸ್ತಕದ ‘ಹೈಯರ್ ಲಾಸ್’ ಅಧ್ಯಾಯವನ್ನು ನೀವಿಬ್ಬರೂ ಓದಿ, ಮಾತಾಡಿಕೊಳ್ಳಿ. ಇತ್ತೀಚೆಗೆ ಮೀನು ಹಿಡಿದಾಗಲೆಲ್ಲ ನನ್ನ ಮೇಲೆ ನನಗೇ ಇರುವ ಗೌರವ ಸ್ವಲ್ಪ ಕಡಿಮೆಯಾಗುತ್ತದೆ ಅಂತ ಥೋರೊ ಒಪ್ಪಿಕೊಳ್ಳುತ್ತಾನೆ. ಜೊತೆಗೇ, ಹುಡುಗರು ಕಾಡು ನೀರನ್ನು ಮೊದಲು ಅರಿಯುವುದು ಬೇಟೆ ಮತ್ತು ಗಾಳದ ಮೂಲಕವೇ, ಅದನ್ನು ತಡೆಯಬೇಡಿ ಅಂತಲೂ ಹೇಳುತ್ತಾನೆ. ಎರಡು ಮಾತೂ ಒಂದೇ ಮನುಷ್ಯನವು. ನಿಮ್ಮ ಮನೆಯ ಎರಡು ಪಕ್ಷಗಳಿಗೂ ಅವನು ಸಲ್ಲುತ್ತಾನೆ.

ಆಲ್ಡೊ ಲಿಯೋಪೋಲ್ಡ್‌ರ ‘ಎ ಸ್ಯಾಂಡ್ ಕೌಂಟಿ ಆಲ್ಮನಾಕ್’ (1949) ಪುಸ್ತಕದ ಮೊದಲ ಭಾಗ ತಿಂಗಳಿಗೊಂದು ಅಧ್ಯಾಯದಂತೆ ಸಾಗುತ್ತದೆ. ಆಯಾ ತಿಂಗಳಲ್ಲಿ ಆಯಾ ಅಧ್ಯಾಯ ಓದಿ, ಅವಸರ ಬೇಡ. ಜೂನ್ ತಿಂಗಳದ್ದು ಟ್ರೌಟ್ ಹಿಡಿಯುವ ಅಧ್ಯಾಯ. ಹಳೆಯ ಓಕ್ ಮರವೊಂದನ್ನು ಗರಗಸದಲ್ಲಿ ಕೊಯ್ಯುತ್ತ, ಗರಗಸ ಒಂದೊಂದು ಉಂಗುರ ದಾಟಿದ ಹಾಗೆ ಆ ವರ್ಷದ ಕತೆ ಹೇಳುವ ಭಾಗ ಫೆಬ್ರವರಿಯಲ್ಲಿದೆ. ತಾನು ಗುಂಡಿಟ್ಟ ತೋಳದ ಕಣ್ಣಲ್ಲಿ ಹಸಿರು ಬೆಳಕು ಆರುವುದನ್ನು ನೋಡಿದ ಬಗ್ಗೆ ಬರೆದ ಎರಡು ಮೂರು ಪುಟಗಳನ್ನು ಪರಿಸರದ ಬಗ್ಗೆ ಮಾತಾಡುವವರೆಲ್ಲ ಓದಿರಬೇಕು.

ನ್ಯಾನ್ ಶೆಪರ್ಡ್‌ರ ‘ದಿ ಲಿವಿಂಗ್ ಮೌಂಟನ್’ ತೆಳ್ಳಗಿನ ಪುಸ್ತಕ. 1940ರ ದಶಕದಲ್ಲಿ ಬರೆದದ್ದು, 1977ರವರೆಗೆ ಡ್ರಾಯರಿನಲ್ಲೇ ಇತ್ತು. ಬೆಟ್ಟ ಅಂದರೆ ತುದಿ ಮುಟ್ಟುವುದು ಅಂದುಕೊಂಡವರಿಗೆ ಇದನ್ನು ಕೊಡಬೇಕು. ಸ್ಕಾಟ್ಲೆಂಡಿನ ಕೇರ್ನ್‌ಗಾರ್ಮ್ ಬೆಟ್ಟಗಳಲ್ಲಿ ಅವರು ಜೀವಮಾನವಿಡೀ ನಡೆದರು. ಬೆಟ್ಟಕ್ಕೆ ಬೆನ್ನು ತಿರುಗಿಸಿ, ಕಾಲಗಲಿಸಿ ಬಗ್ಗಿ, ಕಾಲುಗಳ ಸಂದಿಯಿಂದ ತಲೆಕೆಳಗಾಗಿ ನೋಡಿ, ಎಲ್ಲ ಹೊಸದಾಗಿ ಕಾಣುತ್ತದೆ ಅನ್ನುತ್ತಾರೆ. ಮಗನಿಗೆ ಹೇಳಿ, ಖಂಡಿತ ಮಾಡಿ ನೋಡುತ್ತಾನೆ. ಪೀಟರ್ ಮ್ಯಾಥಿಸೆನ್ನರ ‘ದಿ ಸ್ನೋ ಲೆಪರ್ಡ್’ (1978) ಕೂಡ ಶ್ರೇಷ್ಠ ಪುಸ್ತಕವೇ. ಆದರೆ ಬೌದ್ಧ ಚಿಂತನೆ, ಹೆಂಡತಿಯ ಸಾವಿನ ದುಃಖ ಎಲ್ಲ ಸೇರಿ ಭಾರವಾಗಿದೆ. ಅದನ್ನು ಕೊನೆಗೆ ಇಟ್ಟುಕೊಳ್ಳಿ.

ಮಗನಿಗೆ ಕನ್ನಡದಿಂದಲೇ ಶುರು ಮಾಡಿಸಿ. ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’ ಮೊದಲು, ‘ಕರ್ವಾಲೊ’ ಆಮೇಲೆ. ತೇಜಸ್ವಿ ಸ್ವತಃ ಗಾಳ ಹಾಕುತ್ತಿದ್ದವರು, ಹಕ್ಕಿಗಳ ಫೋಟೊ ತೆಗೆಯಲು ಗಂಟೆಗಟ್ಟಲೆ ಕಾಯುತ್ತಿದ್ದವರು. ಅದು ಬರವಣಿಗೆಯಲ್ಲಿ ಕಾಣುತ್ತದೆ. ಕಾಡನ್ನು ಅವರು ಎಲ್ಲೂ ಪೂಜೆಗೆ ಕೂರಿಸುವುದಿಲ್ಲ. ಅಲ್ಲಿನ ಜನ, ನಾಯಿ, ಹುಳ, ಹಕ್ಕಿ ಎಲ್ಲ ಒಂದೇ ಅಂಗಳದಲ್ಲಿ ಓಡಾಡುತ್ತವೆ. ನಿಮಗೆ ಅವರ ಅಂಡಮಾನ್ ಪ್ರವಾಸದ ಪುಸ್ತಕವೂ ಹಿಡಿಸುತ್ತದೆ.

ಆಮೇಲೆ ಬೇಟೆಯ ಕತೆಗಳು. ಕೆನೆತ್ ಆಂಡರ್ಸನ್ನರ ಕತೆಗಳನ್ನು ತೇಜಸ್ವಿ ‘ಕಾಡಿನ ಕತೆಗಳು’ ಅಂತ ನಾಲ್ಕು ಭಾಗಗಳಲ್ಲಿ ತಂದಿದ್ದಾರೆ. ಜಿಮ್ ಕಾರ್ಬೆಟ್ಟರದ್ದು ‘ರುದ್ರಪ್ರಯಾಗದ ಭಯಾನಕ ನರಭಕ್ಷಕ’. ಸರ್ಕಾರಿ ಲೆಕ್ಕದ ಪ್ರಕಾರವೇ 125 ಜನರನ್ನು ಕೊಂದ ಚಿರತೆಯ ಬೆನ್ನುಹತ್ತಿದ ಕತೆ. ಹದಿನಾಲ್ಕರ ಹುಡುಗ ರಾತ್ರಿ ಲೈಟು ಆರಿಸಲು ಒಪ್ಪುವುದಿಲ್ಲ. ಇಂಗ್ಲಿಷ್ ಓದುವುದಾದರೆ ಕಾರ್ಬೆಟ್ಟರ ‘ಜಂಗಲ್ ಲೋರ್’ (1953) ಕೊಡಿ. ಕಾಡಿನ ಸದ್ದು, ಹೆಜ್ಜೆ ಗುರುತುಗಳನ್ನು ಹುಡುಗನಾಗಿ ಹೇಗೆ ಕಲಿತೆ ಅಂತ ಬರೆದಿದ್ದಾರೆ. ನಿಮಗೊಂದು ವಿಷಯ: ಅವರ ‘ಮ್ಯಾನ್-ಈಟರ್ಸ್ ಆಫ್ ಕುಮಾವೂನ್’ (1944) ಪುಸ್ತಕದಲ್ಲಿ ನರಭಕ್ಷಕ ಹುಲಿಗಳ ನಡುವೆ ಒಂದು ಮಹಶೀರ್ ಅಧ್ಯಾಯವಿದೆ, ‘ದಿ ಫಿಶ್ ಆಫ್ ಮೈ ಡ್ರೀಮ್ಸ್’. ಬೆಟ್ಟದ ಬುಡದ ನದಿಗಳಲ್ಲಿ ಮಹಶೀರ್ ಹಿಡಿಯುವುದಕ್ಕಿಂತ ಮೋಹಕವಾದ ಆಟ ಇನ್ನೊಂದಿಲ್ಲ ಅಂತ ಹುಲಿ ಬೇಟೆಗೆ ಹೆಸರಾದವರೇ ಅಲ್ಲಿ ಹೇಳಿದ್ದಾರೆ.

ಹುಡುಗ ಒಬ್ಬನೇ ಕಾಡು ಹೊಳೆ ಸುತ್ತುವ ವಯಸ್ಸಿಗೆ ಬಂದಾಗ ಜಾನ್ ಕ್ರಾಕೌರ್‌ನ ‘ಇನ್‌ಟು ದಿ ವೈಲ್ಡ್’ (1996) ಓದಲಿ, ನೀವೂ ಜೊತೆಗೆ ಓದಿ. ಎಲ್ಲ ಬಿಟ್ಟು ಅಲಾಸ್ಕದ ಕಾಡಿಗೆ ಹೋಗಿ 1992ರಲ್ಲಿ ಅಲ್ಲೇ ಸತ್ತ ಯುವಕ ಕ್ರಿಸ್ ಮೆಕ್ಯಾಂಡ್ಲೆಸ್‌ನ ನಿಜ ಕತೆ. ಕೆಲವರು ಅವನನ್ನು ಹೀರೊ ಮಾಡುತ್ತಾರೆ, ಕೆಲವರು ಮೂರ್ಖ ಅನ್ನುತ್ತಾರೆ. ಕ್ರಾಕೌರ್ ಎರಡನ್ನೂ ಮಾಡದೆ ತಾಳ್ಮೆಯಿಂದ ವಿಚಾರಿಸುತ್ತಾ ಹೋಗುತ್ತಾರೆ. ಏಪ್ರಿಲ್‌ನಲ್ಲಿ ಅವನು ಸುಲಭವಾಗಿ ದಾಟಿದ ನದಿ ಜುಲೈ ಹೊತ್ತಿಗೆ ಹಿಮ ಕರಗಿ ತುಂಬಿ ಹರಿಯುತ್ತಿತ್ತು. ವಾಪಸ್ ಬರಲಾಗಲಿಲ್ಲ. ಹತ್ತಿರದಲ್ಲೇ ನದಿ ದಾಟುವ ತಂತಿ ತೊಟ್ಟಿಲಿತ್ತು. ಸರಿಯಾದ ನಕ್ಷೆ ಇಲ್ಲದ ಅವನಿಗೆ ಅದು ತಿಳಿದಿರಲಿಲ್ಲ. ನೀರಿಗೆ ಇಳಿಯುವ ಮನೆಯವರು ಇದನ್ನು ಕೂತು ಮಾತಾಡಬೇಕು.

ಮೆಲ್ವಿಲ್‌ನ ‘ಮೋಬಿ-ಡಿಕ್’ (1851) ಯಾಕೆ ಹೇಳಲಿಲ್ಲ ಅಂತ ಕೇಳಬಹುದು. ಮಹಾ ಕಾದಂಬರಿ, ತಿಮಿಂಗಿಲ ಬೇಟೆಯ ಕೈಕೆಲಸ ಅದರಷ್ಟು ಇನ್ನೆಲ್ಲೂ ಇಲ್ಲ. ಆದರೆ ಇಂಗ್ಲಿಷ್ ಬಹಳ ಗಟ್ಟಿ. ಉಳಿದವು ಓದಿ ಕೈ ಪಳಗಿದ ಮೇಲೆ ನೋಡಿ.

ಕೊಳ್ಳುವ ಬಗ್ಗೆ ಎರಡು ಮಾತು. ವಾಲ್ಟನ್, ಥೋರೊ, ಮೆಲ್ವಿಲ್ ಮೂವರ ಪುಸ್ತಕಗಳ ಹಕ್ಕುಸ್ವಾಮ್ಯದ ಅವಧಿ ಎಂದೋ ಮುಗಿದಿದೆ. ಪ್ರಾಜೆಕ್ಟ್ ಗುಟೆನ್‌ಬರ್ಗ್ ತಾಣದಲ್ಲಿ ಉಚಿತವಾಗಿ ಓದಬಹುದು. ಸ್ವೆನ್ಸನ್ನರ ಪುಸ್ತಕ ಬ್ರಿಟನ್ನಿನಲ್ಲಿ ‘ದಿ ಗಾಸ್ಪೆಲ್ ಆಫ್ ದಿ ಈಲ್ಸ್’ ಅಂತ ಬಂದಿದೆ, ಅಮೆರಿಕದಲ್ಲಿ ‘ದಿ ಬುಕ್ ಆಫ್ ಈಲ್ಸ್’ ಅಂತ. ಎರಡೂ ಒಂದೇ ಪುಸ್ತಕ, ಬೇರೆ ಬೇರೆ ಅಂದುಕೊಂಡು ಎರಡನ್ನೂ ತರಿಸಬೇಡಿ.